ವಾಡೆಯ ವಿನ್ಯಾಸ ಮತ್ತು ಉಪಯೋಗ: ಚಚಡಿ ಸೀಮೆಯ ಹಳೆಯ ಮನೆಗಳ ವಿಭಾಗ ಹಾಗೂ ನವೀಕರಣಕ್ಕೆ ಅರ್ಜಿ ಸಲ್ಲಿಸುವವರಿಗೆ ಮಾಹಿತಿ

ಪೀಠಿಕೆ

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಗೆ ಸೇರಿದ ಚಚಡಿ ಗ್ರಾಮವು ಅಲ್ಲಿನ ದೇಸಾಯರ ವಾಡೆಯಿಂದಾಗಿ ಸುತ್ತಲಿನ ತಾಲೂಕುಗಳಲ್ಲಿ ಪರಿಚಿತವಾಗಿದೆ. ಚಚಡಿಯಲ್ಲಿರುವಂತೆಯೇ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದ ಅನೇಕ ಗ್ರಾಮಗಳಲ್ಲಿ ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿ ಮನೆತನಗಳ ದೊಡ್ಡ ಮನೆಗಳಿವೆ. ಇವುಗಳಲ್ಲಿ ಬಹುತೇಕವು ಖಾಸಗಿ ಸ್ವತ್ತುಗಳಾಗಿದ್ದು, ಈಗ ಎರಡು, ಮೂರು ಅಥವಾ ಅದಕ್ಕಿಂತ ಹೆಚ್ಚು ವಾರಸುದಾರರ ಹೆಸರಿನಲ್ಲಿವೆ. ಮನೆಯನ್ನು ಹಂಚಿಕೊಳ್ಳಲು, ಒಂದು ಭಾಗವನ್ನು ಕೆಡವಿ ಹೊಸದಾಗಿ ಕಟ್ಟಲು ಅಥವಾ ದುರಸ್ತಿ ಮಾಡಿಸಲು ವಾರಸುದಾರರು ಗ್ರಾಮ ಪಂಚಾಯಿತಿಗೂ ಉಪನೋಂದಣಾಧಿಕಾರಿಗಳ ಕಚೇರಿಗೂ ಅರ್ಜಿ ಸಲ್ಲಿಸುತ್ತಾರೆ.

ಇಂತಹ ಅರ್ಜಿಗಳ ಜೊತೆಗೆ ಬರುವ ನಕ್ಷೆಗಳಲ್ಲಿ ಸಾಮಾನ್ಯವಾಗಿ ಉದ್ದ, ಅಗಲ ಮತ್ತು ಚದರ ಅಡಿಗಳ ವಿವರವಿರುತ್ತದೆ. ಯಾವ ಭಾಗ ಯಾವ ಕೆಲಸಕ್ಕೆ ಕಟ್ಟಿದ್ದು, ಒಂದು ಭಾಗದ ಗಾಳಿ-ಬೆಳಕು ಇನ್ನೊಂದು ಭಾಗವನ್ನು ಹೇಗೆ ಅವಲಂಬಿಸಿದೆ ಎಂಬುದು ಇರುವುದಿಲ್ಲ. ಹಂಚಿಕೆಯ ನಂತರ ಹುಟ್ಟುವ ತಕರಾರುಗಳಲ್ಲಿ ಅನೇಕವು ಈ ಕೊರತೆಯಿಂದ ಬರುವಂತಹವು. ಆದ್ದರಿಂದ ವಾಡೆಯ ಆಕಾರಕ್ಕೂ ಅಲ್ಲಿ ನಡೆಯುತ್ತಿದ್ದ ಕೆಲಸಗಳಿಗೂ ಇರುವ ಸಂಬಂಧವನ್ನು ಇಲ್ಲಿ ವಿವರಿಸಲಾಗಿದೆ. ಇಲ್ಲಿ ಹೇಳಿರುವುದು ಈ ಸೀಮೆಯ ವಾಡೆಗಳ ಸಾಮಾನ್ಯ ಕ್ರಮ. ಮನೆಯಿಂದ ಮನೆಗೆ ವ್ಯತ್ಯಾಸಗಳಿರುವುದು ಸಹಜ.

ಹೊರ ಚೌಕ: ಅಹವಾಲು ಕೇಳುವ ಸ್ಥಳ

ವಾಡೆಯ ಮೊದಲ ಅಂಗ ಹೆಬ್ಬಾಗಿಲು. ಚಕ್ಕಡಿ ಮತ್ತು ಕುದುರೆ ಒಳಗೆ ಬರುವಷ್ಟು ಅಗಲವಿರುವ ಈ ಬಾಗಿಲಿನಲ್ಲಿಯೇ ಒಬ್ಬರು ಮಾತ್ರ ದಾಟಬಹುದಾದ ಸಣ್ಣ ದಿಡ್ಡಿ ಬಾಗಿಲು ಇರುತ್ತದೆ. ಪ್ರತಿದಿನದ ಓಡಾಟ ದಿಡ್ಡಿಯ ಮೂಲಕ. ಹೆಬ್ಬಾಗಿಲು ತೆರೆಯುವುದು ಸುಗ್ಗಿ, ಮದುವೆ, ಹಬ್ಬಗಳಿಗೆ. ದಿಡ್ಡಿಯನ್ನು ದಾಟುವವನು ತಲೆ ತಗ್ಗಿಸಲೇಬೇಕು. ಇದು ಗೌರವ ತೋರಿಸುವ ಪದ್ಧತಿಯೂ ಹೌದು, ರಕ್ಷಣೆಯ ಉಪಾಯವೂ ಹೌದು. ಬಾಗಿಲಿನ ಎರಡೂ ಬದಿಯ ಕಟ್ಟೆಗಳು ಕಾವಲುಗಾರರಿಗೂ ಸರದಿಗಾಗಿ ಕಾಯುವವರಿಗೂ ಮೀಸಲು.

ಒಳಗೆ ಬಂದ ಕೂಡಲೇ ಸಿಗುವ ತೆರೆದ ಅಂಗಳವೇ ಹೊರ ಚೌಕ. ಇದಕ್ಕೆ ಮುಖ ಮಾಡಿಕೊಂಡು, ಮೂರು ಬದಿಗೆ ಗೋಡೆಯಿದ್ದು ಅಂಗಳದ ಬದಿಗೆ ಮರದ ಕಂಬಗಳು ಮಾತ್ರ ಇರುವ ಎತ್ತರದ ಪಡಸಾಲೆಯನ್ನು ಸದರು ಎಂದು ಕರೆಯುತ್ತಾರೆ. ದೇಸಾಯಿ ಎಂಬುದು ಮೂಲತಃ ಪರಗಣೆಯ ಕಂದಾಯ ವಸೂಲಿಗೆ ಸಂಬಂಧಿಸಿದ ವಂಶಪಾರಂಪರ್ಯ ಹುದ್ದೆ. ಕಂದಾಯದ ಲೆಕ್ಕ, ಗಡಿ ತಕರಾರು, ನೀರಿನ ಜಗಳ, ಬರಗಾಲದ ರಿಯಾಯಿತಿ, ಇವೆಲ್ಲವೂ ಸದರಿನಲ್ಲಿ ವಿಚಾರಣೆಗೆ ಬರುತ್ತಿದ್ದವು. ಅಂಗಳದ ಬದಿಗೆ ಗೋಡೆಯಿಲ್ಲದಿರುವುದು ಇದೇ ಕಾರಣಕ್ಕೆ. ಒಬ್ಬನ ಅಹವಾಲನ್ನು ಉಳಿದವರೂ ಕೇಳಬೇಕು, ಹೇಳಿದ ಮಾತಿಗೆ ಸಾಕ್ಷಿಯಿರಬೇಕು. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ನಡೆಯದು.

ಸದರಿನ ಕಟ್ಟೆಯ ಎತ್ತರವನ್ನು ಗಮನಿಸಬೇಕು. ಕಟ್ಟೆ ಸುಮಾರು ಮೂರು ಅಡಿ ಇದ್ದರೆ, ಅದರ ಮೇಲೆ ಜಮಖಾನೆ ಹಾಸಿ ಕುಳಿತವನ ಕಣ್ಣು ಅಂಗಳದಿಂದ ಐದೂವರೆ ಅಡಿಯ ಮಟ್ಟಕ್ಕೆ ಬರುತ್ತದೆ. ಅಂಗಳದಲ್ಲಿ ನಿಂತವನ ಕಣ್ಣು ಕೂಡ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಹೀಗೆ ಇಬ್ಬರ ದೃಷ್ಟಿಯೂ ಒಂದೇ ಮಟ್ಟದಲ್ಲಿ ಕೂಡುತ್ತದೆ. ಆದರೆ ಒಬ್ಬನು ಕುಳಿತಿರುತ್ತಾನೆ, ಇನ್ನೊಬ್ಬನು ನಿಂತೇ ಇರುತ್ತಾನೆ. ಕಟ್ಟೆಯನ್ನು ಯಾರು ಹತ್ತಬಹುದು, ಯಾರು ಮೆಟ್ಟಿಲ ಬಳಿ ನಿಲ್ಲಬೇಕು, ಯಾರು ಹೆಬ್ಬಾಗಿಲ ಹೊರಗೇ ಉಳಿಯಬೇಕು ಎಂಬುದನ್ನು ಜಾತಿ ಮತ್ತು ಅಂತಸ್ತು ನಿರ್ಧರಿಸುತ್ತಿದ್ದವು. ವಾಡೆಯ ಚೆಲುವನ್ನು ಹೊಗಳುವ ಬರಹಗಳು ಈ ಸಂಗತಿಯನ್ನು ಬಿಟ್ಟುಬಿಡುವುದುಂಟು. ಆದರೆ ಆ ಮೂರು ಅಡಿ ಕಲ್ಲು ಅದನ್ನು ಇಂದಿಗೂ ತೋರಿಸುತ್ತಿದೆ.

ಸದರಿನ ಪಕ್ಕದಲ್ಲಿ ದಫ್ತರದ ಕೋಣೆ ಇರುತ್ತದೆ. ಒಂದೇ ಬಾಗಿಲು, ದಪ್ಪ ಗೋಡೆ, ಎತ್ತರದಲ್ಲಿ ಸಣ್ಣ ಕಿಂಡಿ. ಕಾಗದಪತ್ರಗಳಿಗೆ ತೇವ, ಇಲಿ ಮತ್ತು ಪರರ ಕೈ ತಗಲಬಾರದೆಂಬುದು ಈ ಆಕಾರದ ಉದ್ದೇಶ. ದಾಖಲೆಗಳನ್ನು ಬಟ್ಟೆಯ ರುಮಾಲುಗಳಲ್ಲಿ ಕಟ್ಟಿ ಗೋಡೆಯ ಮಾಡಗಳಲ್ಲಿ ಇಡುತ್ತಿದ್ದರು. ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ ಮಡಿಸಿದ ಬಟ್ಟೆಯ ಪುಸ್ತಕಕ್ಕೆ ಕಡತ ಎಂಬ ಹೆಸರಿತ್ತು. ಸರ್ಕಾರಿ ಕಚೇರಿಗಳಲ್ಲಿ ಇಂದು ಬಳಸುವ ಕಡತ ಎಂಬ ಪದ ಅಲ್ಲಿಂದ ಬಂದದ್ದು. ಲೆಕ್ಕ ಬರೆಯುವವನ ಜಾಗ ಮಾತ್ರ ಈ ಕತ್ತಲ ಕೋಣೆಯಲ್ಲಿರದೆ, ಬೆಳಕು ಬೀಳುವ ಸದರಿನ ಅಂಚಿನಲ್ಲಿರುತ್ತಿತ್ತು. ಕಾಯುವುದಕ್ಕೆ ಕತ್ತಲೆ ಬೇಕು, ಬರೆಯುವುದಕ್ಕೆ ಬೆಳಕು ಬೇಕು. ಎರಡಕ್ಕೂ ಒಂದೇ ಕೋಣೆ ಮಾಡಿದ ಕಚೇರಿಗಳಲ್ಲಿ ಎರಡೂ ಕೆಲಸ ಕೆಡುತ್ತವೆ.

ಒಳ ಚೌಕ ಮತ್ತು ಹಿತ್ತಲು

ಎರಡನೆಯ ಬಾಗಿಲನ್ನು ದಾಟಿದರೆ ಒಳ ಚೌಕ. ಇಲ್ಲಿಗೆ ಮನೆಯವರು, ಬಂಧುಗಳು ಮತ್ತು ಮನೆಗೆಲಸದವರು ಮಾತ್ರ ಬರುತ್ತಿದ್ದರು. ಸದರಿನಿಂದ ನೇರವಾಗಿ ನೋಡಿದರೆ ಒಳಮನೆ ಕಾಣದಂತೆ ಬಾಗಿಲುಗಳನ್ನು ಒಂದಕ್ಕೊಂದು ಸರಿಸಿ ಇಟ್ಟಿರುವುದನ್ನು ಅನೇಕ ಮನೆಗಳಲ್ಲಿ ನೋಡಬಹುದು. ಒಳ ಚೌಕದ ಸುತ್ತ ಪಡಸಾಲೆ, ಅದರ ಹಿಂದೆ ನಡುಮನೆ, ದೇವರ ಮನೆ, ಅಡುಗೆ ಮನೆ, ಬಾಣಂತಿಯ ಕೋಣೆ ಮತ್ತು ಬಚ್ಚಲು ಇರುತ್ತವೆ. ಮಳೆ, ಬಿಸಿಲು, ಗಾಳಿ ಮೂರೂ ಈ ಚೌಕದಿಂದಲೇ ಮನೆಯೊಳಗೆ ಬರುತ್ತವೆ. ಹೊರಗೋಡೆಗಳಲ್ಲಿ ಕಿಟಕಿ ಕಡಿಮೆ ಇರುವುದರಿಂದ ಚೌಕವನ್ನು ಮುಚ್ಚಿದರೆ ಸುತ್ತಲಿನ ಕೋಣೆಗಳೆಲ್ಲವೂ ಒಂದೇ ದಿನದಲ್ಲಿ ಕತ್ತಲಾಗುತ್ತವೆ.

ಎರಡು ಎರಡೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆಗಳು ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿಕೊಂಡು ರಾತ್ರಿ ಬಿಡುತ್ತವೆ. ಹೀಗಾಗಿ ಬೇಸಿಗೆಯ ಮಧ್ಯಾಹ್ನ ನಡುಮನೆಯಲ್ಲಿ ಮಲಗುವುದು, ರಾತ್ರಿ ಮಾಳಿಗೆಯ ಮೇಲೆ ಅಥವಾ ಅಂಗಳದಲ್ಲಿ ಮಲಗುವುದು ರೂಢಿಯಾಯಿತು. ಒಂದು ಕೋಣೆಗೆ ಒಂದೇ ಕೆಲಸ ಎಂಬ ನಿಯಮ ವಾಡೆಯಲ್ಲಿರಲಿಲ್ಲ. ಗಂಟೆಗೆ ತಕ್ಕಂತೆ ಕೆಲಸವೇ ಸ್ಥಳ ಬದಲಿಸುತ್ತಿತ್ತು. ಬೆಳಿಗ್ಗೆ ಕಾಳು ಹಸನು ಮಾಡಿದ ಪಡಸಾಲೆಯಲ್ಲಿ ಮಧ್ಯಾಹ್ನ ಪಂಕ್ತಿ ಊಟ, ಸಂಜೆ ಮಕ್ಕಳ ಓದು ನಡೆಯುತ್ತಿತ್ತು.

ಸಾಮಾನ್ಯ ರೈತನ ಮನೆಯಲ್ಲಿ ಇದೇ ವ್ಯವಸ್ಥೆ ಒಂದೇ ಸೂರಿನಡಿ ಅಡಕವಾಗಿರುತ್ತದೆ. ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ಎತ್ತು-ಎಮ್ಮೆಗಳು, ಅದಕ್ಕೆ ಹೊಂದಿಕೊಂಡು ಎರಡು ಮೂರು ಅಡಿ ಮೇಲೆ ಮನೆಯವರ ಪಡಸಾಲೆ. ಈ ಎತ್ತರದ ಅಂಚಿನಲ್ಲಿಯೇ ಗೋದಲಿ. ಪಡಸಾಲೆಯಲ್ಲಿ ನಿಂತವನು ಬಗ್ಗದೆಯೇ ಮೇವು ಹಾಕಬಹುದು, ರಾತ್ರಿ ಮಲಗಿದಲ್ಲಿಂದಲೇ ದನಗಳನ್ನು ನೋಡಿಕೊಳ್ಳಬಹುದು. ದನಗಳು ಹೋದ ಮೇಲೆ ಈ ತಗ್ಗನ್ನು ತುಂಬಿಸಿ ಬೈಕು ನಿಲ್ಲಿಸುವ ಜಾಗ ಮಾಡಿಕೊಂಡವರಿದ್ದಾರೆ, ಇದು ತಪ್ಪೇನಲ್ಲ. ಆದರೆ ನೀರು ಹೊರಹೋಗುವ ಮೋರಿ ಆ ತಗ್ಗಿನಲ್ಲಿಯೇ ಇರುವುದರಿಂದ ಅದನ್ನು ಮುಚ್ಚುವ ಮೊದಲು ಬೇರೆ ದಾರಿ ಮಾಡಬೇಕು.

ಮೇಲ್ಛಾವಣಿಯ ವಿಷಯದಲ್ಲಿ ಈ ಸೀಮೆ ಎರಡು ಹವಾಮಾನಗಳ ನಡುವೆ ಇದೆ. ಮಲೆನಾಡಿನ ಅಂಚಿಗೆ ಹತ್ತಿರದ ಕಿತ್ತೂರಿನ ಕಡೆ ಮಳೆ ಹೆಚ್ಚು, ಇಳಿಜಾರಿನ ಹಂಚಿನ ಸೂರುಗಳು ಹೆಚ್ಚು. ಪೂರ್ವಕ್ಕೆ ಸವದತ್ತಿ, ರಾಮದುರ್ಗಗಳತ್ತ ಹೋದಂತೆ ಮಳೆ ಕಡಿಮೆಯಾಗಿ ಸಮತಟ್ಟಾದ ಮಣ್ಣಿನ ಮಾಳಿಗೆಗಳು ಕಾಣಿಸುತ್ತವೆ. ಮಾಳಿಗೆ ಎಂದರೆ ಕೇವಲ ಸೂರಲ್ಲ. ಮೆಣಸಿನಕಾಯಿ, ಹಪ್ಪಳ, ಕಾಳು ಒಣಗಿಸುವ ಅಂಗಳವೂ ಹೌದು. ಅದರಲ್ಲಿರುವ ಬೆಳಕಿಂಡಿಯು ಅಡುಗೆ ಮನೆಯ ಹೊಗೆಗೆ ದಾರಿ.

ಮನೆಯ ಹಿಂಭಾಗದಲ್ಲಿ ಅಥವಾ ಅಂಗಳದಲ್ಲಿ ಧಾನ್ಯ ತುಂಬುವ ಹಗೇವು ಇರುತ್ತದೆ. ನೆಲದೊಳಗಿನ ಈ ಗುಂಡಿಯ ಬಾಯಿ ಕಿರಿದು, ಹೊಟ್ಟೆ ಅಗಲ. ಗಾಳಿಯಾಡದಂತೆ ಮುಚ್ಚಿದಾಗ ಜೋಳಕ್ಕೆ ಹುಳು ಬೀಳುವುದಿಲ್ಲ. ಆದರೆ ಅದೇ ಕಾರಣದಿಂದ ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಹಳೆಯ ಹಗೇವನ್ನು ತೆರೆದ ತಕ್ಷಣ ಯಾರನ್ನೂ ಇಳಿಸಬಾರದು; ಬಹಳ ಹೊತ್ತು ತೆರೆದಿಟ್ಟು, ದೀಪ ಇಳಿಬಿಟ್ಟು ಅದು ಆರುವುದಿಲ್ಲವೆಂದು ನೋಡುವುದು ಹಿರಿಯರ ಕ್ರಮವಾಗಿತ್ತು. ದೀಪ ಉರಿಯಿತೆಂದು ಮಾತ್ರಕ್ಕೆ ಗಾಳಿ ಸುರಕ್ಷಿತವೆಂದು ಹೇಳಲಾಗದು. ಬಳಕೆಯಲ್ಲಿಲ್ಲದ ಹಗೇವನ್ನು ಮಣ್ಣು ತುಂಬಿಸಿ ಮುಚ್ಚುವುದು ಉತ್ತಮ. ನಕ್ಷೆಯಲ್ಲಿ ಅದರ ಸ್ಥಳವನ್ನು ಗುರುತಿಸದೆ ಅದರ ಮೇಲೆ ಪಾಯ ಹಾಕಿದರೆ ನೆಲ ಕುಸಿಯುವ ಅಪಾಯವಿದೆ.

ಅಂಕಣದ ಲೆಕ್ಕ

ಈ ಭಾಗದಲ್ಲಿ ಮನೆಯ ಅಳತೆಯನ್ನು ಹಿಂದೆ ಅಡಿಗಳಲ್ಲಿ ಹೇಳುತ್ತಿರಲಿಲ್ಲ. ಇಷ್ಟು ಅಂಕಣದ ಮನೆ ಎನ್ನುತ್ತಿದ್ದರು. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಅದರ ಗಾತ್ರವನ್ನು ನಿರ್ಧರಿಸಿದ್ದು ತೊಲೆ ಮತ್ತು ಜಂತಿಯ ಉದ್ದ. ಬಯಲು ಸೀಮೆಗೆ ಉದ್ದನೆಯ ಮರ ಪಶ್ಚಿಮದ ಕಾಡುಗಳಿಂದ ಚಕ್ಕಡಿಯ ಮೇಲೆ ಬರಬೇಕಾಗಿದ್ದುದರಿಂದ ಎಂಟು ಹತ್ತು ಅಡಿಗಿಂತ ದೊಡ್ಡ ಅಂಕಣ ದುಬಾರಿಯಾಗುತ್ತಿತ್ತು. ಒಂದು ಅಂಕಣದಲ್ಲಿ ಒಲೆ ಹೂಡಬಹುದು, ಎರಡರಲ್ಲಿ ಸಂಸಾರ ಮಲಗಬಹುದು, ಎಂಟರಲ್ಲಿ ಮದುವೆ ನಡೆಸಬಹುದು. ಎಲ್ಲ ಕೆಲಸಗಳೂ ಈ ಅಳತೆಯ ಗುಣಕಗಳಲ್ಲಿಯೇ ಹೊಂದಿಕೊಳ್ಳಬೇಕಾಗಿತ್ತು.

ಹಂಚಿಕೆಯ ಸಮಯದಲ್ಲಿ ಇದು ಮುಖ್ಯವಾಗುತ್ತದೆ. ಅಂಕಣದ ಗೆರೆಯ ಮೇಲೆ ಮನೆಯನ್ನು ವಿಭಾಗಿಸಿದರೆ ಪ್ರತಿ ಭಾಗಕ್ಕೂ ತನ್ನದೇ ಕಂಬ, ತನ್ನದೇ ತೊಲೆ ದೊರೆಯುತ್ತದೆ. ಸಮ ಪಾಲು ಎಂಬ ಲೆಕ್ಕದಿಂದ ಅಂಕಣದ ನಡುವೆ ಗೋಡೆ ಎತ್ತಿದರೆ ಒಂದೇ ತೊಲೆ ಇಬ್ಬರ ಮನೆಯ ಭಾರವನ್ನು ಹೊರುತ್ತದೆ, ಒಬ್ಬನು ಕೆಡವಿದ ದಿನ ಇನ್ನೊಬ್ಬನ ಸೂರು ಜಗ್ಗುತ್ತದೆ. ಚದರ ಅಡಿಯಲ್ಲಿ ಸಮನಾದದ್ದು ವಾಸದಲ್ಲಿ ಸಮನಾಗದು. ಲೆಕ್ಕಪತ್ರದಲ್ಲಿ ಚೌಕವು ಕೇವಲ ಖಾಲಿ ಜಾಗ. ಆದರೆ ಮನೆಯ ಎಲ್ಲ ಕೋಣೆಗಳೂ ಅದರ ಬಂಡವಾಳದ ಮೇಲೆ ಬದುಕುತ್ತಿರುತ್ತವೆ.

ಉಪಯೋಗಗಳು ಬಿಟ್ಟುಹೋದ ಕ್ರಮ

ಕಿತ್ತೂರಿನ ಕೋಟೆಯಲ್ಲಿರುವ ಅರಮನೆಯ ಅವಶೇಷ ಈ ಸಂದರ್ಭದಲ್ಲಿ ಉಪಯುಕ್ತ ಪಾಠ. 1824ರ ಡಿಸೆಂಬರ್‌ನಲ್ಲಿ ಕೋಟೆ ಬ್ರಿಟಿಷರ ವಶವಾದ ನಂತರ ಅರಮನೆ ಹಾಳಾಯಿತು. ಇಂದು ಅಲ್ಲಿ ಸೂರಿಲ್ಲ, ತೊಲೆಗಳಿಲ್ಲ. ಆದರೂ ನೆಲಗಟ್ಟು, ಕಟ್ಟೆಯ ಎತ್ತರ, ನೀರಿನ ಕಾಲುವೆ, ಗೋಡೆಯ ಮಾಡ ಇವುಗಳನ್ನು ನೋಡಿ ಸ್ನಾನದ ಮನೆ ಯಾವುದು, ಅಡುಗೆಯ ಜಾಗ ಯಾವುದು, ಸಭೆ ಸೇರುತ್ತಿದ್ದ ಸ್ಥಳ ಯಾವುದು ಎಂದು ಗುರುತಿಸಬಹುದು. ಮನುಷ್ಯರು ಹೋಗಿ 200 ವರ್ಷಗಳಾದರೂ ಅವರ ಕೆಲಸಗಳ ಗುರುತು ನೆಲದಲ್ಲಿ ಉಳಿದಿದೆ.

ಉಳಿದ ವಾಡೆಗಳಲ್ಲಿ ಗೋಡೆಗಳು ನಿಂತೇ ಇವೆ. ಕೆಲಸಗಳು ಮಾತ್ರ ಒಂದೊಂದಾಗಿ ಹೊರಟುಹೋದವು. ಆಗ ಮುಂಬಯಿ ರಾಜ್ಯದಲ್ಲಿದ್ದ ಈ ಪ್ರದೇಶದಲ್ಲಿ ಪರಗಣೆ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿ ಅಧಿನಿಯಮ, 1950 ಜಾರಿಗೆ ಬಂದು 1951ರಲ್ಲಿ ದೇಸಗತಿಯ ವತನ ಕೊನೆಗೊಂಡಿತು. ಸದರಿಗೆ ಅಹವಾಲು ಬರುವುದು ನಿಂತಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಜಮೀನು ಉಳುವವರದ್ದಾಯಿತು. ಗೇಣಿಯ ಜೋಳ ತುಂಬುತ್ತಿದ್ದ ಹಗೇವುಗಳು ಬರಿದಾದವು. ಊರಿನವರಿಗೆ ಇದರಿಂದ ನ್ಯಾಯ ದೊರೆಯಿತು. ಆದರೆ ಅಷ್ಟು ದೊಡ್ಡ ಮನೆಯ ಸೂರನ್ನು ವರ್ಷ ವರ್ಷ ನೋಡಿಕೊಳ್ಳುವ ಆದಾಯವೂ ಅದರೊಂದಿಗೆ ನಿಂತಿತು. ಮಾಳಿಗೆಗೆ ಮಣ್ಣು ಹಾಕುವುದು ತಪ್ಪಿದ ಮನೆ ಬಹಳ ವರ್ಷ ತಾಳುವುದಿಲ್ಲ. 2019ರ ಆಗಸ್ಟ್‌ನ ಮಳೆ ಮತ್ತು ಮಲಪ್ರಭೆಯ ಪ್ರವಾಹದಲ್ಲಿ ಈ ಭಾಗದ ಅನೇಕ ಮಣ್ಣಿನ ಮನೆಗಳು ಬಿದ್ದವು.

ಮೂರನೆಯ ಬದಲಾವಣೆ ಒಳ ಚೌಕಕ್ಕೆ ಸಂಬಂಧಿಸಿದ್ದು. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ 23ನೇ ಪ್ರಕರಣದಂತೆ, ಕುಟುಂಬದವರು ವಾಸವಿರುವ ಮನೆಯನ್ನು ಪುರುಷ ವಾರಸುದಾರರು ಹಂಚಿಕೊಳ್ಳಲು ನಿರ್ಧರಿಸುವವರೆಗೆ ಮಹಿಳಾ ವಾರಸುದಾರರು ವಿಭಾಗ ಕೇಳುವಂತಿರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಈ ಪ್ರಕರಣವನ್ನು ತೆಗೆದುಹಾಕಲಾಗಿದೆ. ತಂದೆ 2005ರಲ್ಲಿ ಬದುಕಿರಲಿ ಇಲ್ಲದಿರಲಿ, ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಮಾನ ಪಾಲುದಾರರೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಅಡುಗೆ ಮನೆ, ನಡುಮನೆಗಳಲ್ಲಿ ದಿನ ಕಳೆದವರಿಗೆ ಈಗ ಸದರಿನಲ್ಲೂ ಪಾಲಿದೆ. ಸಹೋದರಿಯರ ಸಹಿಯಿಲ್ಲದ ವಿಭಾಗ ಪತ್ರಗಳು ಮುಂದೆ ದಾವೆಗೆ ದಾರಿಯಾಗುವುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಹೊಸ ಉಪಯೋಗ ಕಂಡುಕೊಂಡ ಉದಾಹರಣೆಯೂ ಇದೇ ಸೀಮೆಯಲ್ಲಿದೆ. ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಉಯಿಲಿನ ಮೂಲಕ ವಿದ್ಯಾಭ್ಯಾಸಕ್ಕಾಗಿ ಬಿಟ್ಟುಕೊಟ್ಟರು. ಎಲ್ಲ ಮನೆತನಗಳಿಂದಲೂ ಇದನ್ನು ನಿರೀಕ್ಷಿಸುವುದು ಸಾಧ್ಯವಿಲ್ಲ. ಆದರೆ ಹೊರ ಚೌಕವನ್ನು ಗ್ರಂಥಾಲಯ, ಹೊಲಿಗೆ ತರಬೇತಿ, ಸ್ವಸಹಾಯ ಸಂಘದ ಸಭೆ ಮೊದಲಾದವುಗಳಿಗೆ ಬಳಸುವುದು ಅದರ ಆಕಾರಕ್ಕೆ ಒಪ್ಪುತ್ತದೆ. ಅದು ಮೊದಲಿನಿಂದಲೂ ನಾಲ್ಕು ಜನ ಕೂಡುವ ಜಾಗವೇ ಆಗಿತ್ತು. ಹಾಗೆ ಸಾರ್ವಜನಿಕರ ಬಳಕೆಗೆ ಬಿಡುವಾಗ ಕಟ್ಟೆಯ ಎತ್ತರ ಮತ್ತೆ ಎದುರಾಗುತ್ತದೆ. ವಿಕಲಚೇತನರ ಗಾಲಿಕುರ್ಚಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮೂರು ಅಡಿ ಕಟ್ಟೆಗೆ 36 ಅಡಿ. ಅಂಗಳದ ಅಂಚಿನಲ್ಲಿ ತಿರುವು ಕೊಟ್ಟು ಇಳಿಜಾರು ಮಾಡಿದರೆ ಕಂಬ, ಕಟ್ಟೆಗಳಿಗೆ ಧಕ್ಕೆಯಾಗದೆ ಇದು ಸಾಧ್ಯ.

ಅರ್ಜಿ ಸಲ್ಲಿಸುವ ಮೊದಲು

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮನೆ ಕಟ್ಟಲು ಅಥವಾ ಬದಲಾಯಿಸಲು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಪಂಚಾಯಿತಿಯ ಲಿಖಿತ ಅನುಮತಿ ಅಗತ್ಯ. ಅರ್ಜಿಯ ಜೊತೆಗಿನ ನಕ್ಷೆಯಲ್ಲಿ ಹೊರಗೆರೆಯ ಜೊತೆಗೆ ಅಂಕಣದ ಕಂಬಗಳು, ಚೌಕ, ಬೆಳಕಿಂಡಿ, ಮೋರಿ, ಬಾವಿ ಮತ್ತು ಹಗೇವುಗಳನ್ನು ತೋರಿಸುವುದು ಅರ್ಜಿದಾರರಿಗೇ ಹಿತಕರ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣದ ಆಸ್ತಿಗಳನ್ನು ಡ್ರೋನ್ ಮೂಲಕ ಅಳತೆ ಮಾಡಲಾಗುತ್ತದೆ. ಡ್ರೋನ್‌ಗೆ ಮೇಲಿನಿಂದ ಸೂರು ಮತ್ತು ಚೌಕ ಕಾಣುತ್ತವೆ. ಆ ಚೌಕದ ಮೂಲಕ ಹಾದುಹೋಗುವ ಹಕ್ಕು ಯಾರಿಗಿದೆ ಎಂಬುದು ಕಾಣುವುದಿಲ್ಲ. ಅದನ್ನು ಕುಟುಂಬದವರೇ ಬರಹದಲ್ಲಿ ತರಬೇಕು.

ಆದ್ದರಿಂದ ವಿಭಾಗ ಪತ್ರದಲ್ಲಿ (ಈ ಭಾಗದ ಮಾತಿನಲ್ಲಿ ವಾಟ್ನಿ ಪತ್ರದಲ್ಲಿ) ಹೆಬ್ಬಾಗಿಲಿನ ದಾರಿ, ಬಾವಿಯ ನೀರು, ಮೋರಿ ಮತ್ತು ಚೌಕದ ಗಾಳಿ-ಬೆಳಕು ಯಾರು ಯಾರಿಗೆ ಸಾಮಾನ್ಯ ಎಂಬುದನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮ, 1882ರಂತೆ ವಿಭಾಗದ ನಂತರ ಅನಿವಾರ್ಯವಾದ ದಾರಿಯ ಹಕ್ಕು ಮತ್ತು 20 ವರ್ಷಗಳ ನಿರಾತಂಕ ಬಳಕೆಯಿಂದ ಗಾಳಿ-ಬೆಳಕಿನ ಹಕ್ಕು ದೊರೆಯುವ ಅವಕಾಶವಿದ್ದರೂ, ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದಕ್ಕಿಂತ ಪತ್ರದಲ್ಲಿ ಎರಡು ಸಾಲು ಬರೆಯುವುದು ಸುಲಭ ಮತ್ತು ಅಗ್ಗ. ಸಾಧ್ಯವಾದಲ್ಲಿ ಚೌಕವನ್ನು ಹಂಚದೆ ಎಲ್ಲರ ಸಾಮಾನ್ಯ ಸ್ವತ್ತಾಗಿ ಉಳಿಸಿಕೊಳ್ಳುವುದು ಸೂಕ್ತ.

ದುರಸ್ತಿ ಮಾಡಿಸುವವರು ಮಣ್ಣಿನ ಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿಸುವ ಮೊದಲು ಯೋಚಿಸಬೇಕು. ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ; ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ, ಗೋಡೆಯ ಬುಡ ಕಾಣದಂತೆ ಮೆತ್ತಗಾಗುತ್ತದೆ. ಸುಣ್ಣದ ಅಥವಾ ಮಣ್ಣಿನ ಗಿಲಾವು ಇದಕ್ಕೆ ಹೊಂದುತ್ತದೆ. ಕಂಬ ತೆಗೆದು ಕೋಣೆ ಅಗಲ ಮಾಡುವುದಿದ್ದರೆ ಅರ್ಹ ಅಭಿಯಂತರರ ಸಲಹೆ ಪಡೆಯತಕ್ಕದ್ದು.

ಮನೆಯು ಕೇಂದ್ರ ಸಂರಕ್ಷಿತ ಸ್ಮಾರಕದ ಹತ್ತಿರವಿದ್ದಲ್ಲಿ ಇನ್ನೊಂದು ಅನುಮತಿ ಬೇಕಾಗುತ್ತದೆ. ಈ ಸೀಮೆಯಲ್ಲಿ ಹೂಲಿಯ ಪಂಚಲಿಂಗೇಶ್ವರ ದೇವಾಲಯ, ದೇಗಾಂವಿಯ ಕಮಲನಾರಾಯಣ ದೇವಾಲಯ ಮೊದಲಾದವು ಇಂತಹ ಸ್ಮಾರಕಗಳು. ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಈಗಾಗಲೇ ಇರುವ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ಅವಕಾಶವಿರುತ್ತದೆ. ವಾಡೆ ಹಳೆಯದು ಎಂದ ಮಾತ್ರಕ್ಕೆ ಅದು ಸಂರಕ್ಷಿತ ಸ್ಮಾರಕವಾಗುವುದಿಲ್ಲ. ಸರ್ಕಾರದ ಅಧಿಸೂಚನೆ ಹೊರಡದ ಹೊರತು ಮಾಲೀಕರ ಹಕ್ಕುಗಳಿಗೆ ಈ ಕಾರಣದಿಂದ ಯಾವುದೇ ಬಾಧೆಯಿಲ್ಲ ಎಂಬುದನ್ನು ತಿಳಿಯಪಡಿಸಲಾಗಿದೆ.

ವಿಭಾಗ ಪತ್ರದ ನೋಂದಣಿಗೆ ಇ-ಸ್ವತ್ತು ತಂತ್ರಾಂಶದಿಂದ ಪಡೆದ ನಮೂನೆಗಳನ್ನು ಲಗತ್ತಿಸಬೇಕಾಗಿದ್ದು, ಇವುಗಳಿಗಾಗಿ ಸಂಬಂಧಿಸಿದ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಅರ್ಜಿ ಸಲ್ಲಿಸತಕ್ಕದ್ದು. ಎಲ್ಲ ವಾರಸುದಾರರೂ ಒಟ್ಟಿಗೆ ನಿಂತು ಮನೆಯನ್ನು ಒಮ್ಮೆ ಅಂಕಣ ಅಂಕಣವಾಗಿ ಅಳೆದು, ಆ ಅಳತೆಯ ಹಾಳೆಗೆ ಸಹಿ ಹಾಕಿ ಅರ್ಜಿಯ ಜೊತೆ ಇಡುವುದು ಕಡ್ಡಾಯವಲ್ಲ. ಆದರೆ ಸ್ಥಳ ಪರಿಶೀಲನೆಗೆ ಬರುವ ಸಿಬ್ಬಂದಿಗೆ ಇದರಿಂದ ಬಹಳ ಅನುಕೂಲವಾಗುತ್ತದೆ.